ಮನೆಯಿಂದ ಮನೆಗೆ ಬೆಳಕು: ಹಂಚಿಕೆಗೆ ಮೊದಲು ಲೆಕ್ಕ

(ಬಾಗಳಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಇವತ್ತಿನ ವಿಷಯ ‘ಮನೆಯಿಂದ ಮನೆಗೆ ವಿದ್ಯುತ್ ಹಂಚಿಕೆ’ ಅಂತ ಚೀಟಿಯಲ್ಲಿ ಬರೆದಿದ್ದಾರೆ. ಹೆಸರು ಕೇಳಿದ ಕೂಡಲೇ ಇದು ಎಂಜಿನಿಯರುಗಳ ಮಾತು, ನಮಗೇನು ತಿಳಿಯುತ್ತೆ ಅಂತ ಅನ್ನಿಸಬಹುದು. ಹಾಗೇನಿಲ್ಲ. ನಾನೂ ಎಂಜಿನಿಯರ್ ಅಲ್ಲ, ಸಮಾಜ ಕಾರ್ಯ ಓದಿದವಳು. ಈ ವಿಷಯದಲ್ಲಿ ಯಂತ್ರದ ಪಾಲು ಅರ್ಧ. ಇನ್ನರ್ಧ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಒಂದು ಪ್ರಶ್ನೆ ಕೇಳ್ತೀನಿ. ಬೆಂಕಿಕಡ್ಡಿಯನ್ನೂ ಎಣಿಸಿ ಇಟ್ಟುಕೊಳ್ಳುತ್ತಿದ್ದ ಕಾಲದಲ್ಲಿ ನಿಮ್ಮ ಅಜ್ಜಿ ಬೆಳಗಿನ ಒಲೆ ಹೇಗೆ ಹೊತ್ತಿಸುತ್ತಿದ್ದಳು? ಕುಳ್ಳಿನ ತುಂಡು ಹಿಡಿದುಕೊಂಡು ಪಕ್ಕದ ಮನೆಗೆ ಹೋಗಿ ಕೆಂಡ ತರುತ್ತಿದ್ದಳು, ಅಲ್ವಾ? ಇವತ್ತು ಅವಳ ಒಲೆಯಿಂದ ಇವಳಿಗೆ, ನಾಳೆ ಇವಳ ಒಲೆಯಿಂದ ಅವಳಿಗೆ. ಮೊಸರಿನ ಹೆಪ್ಪೂ ಹಾಗೇ. ಹೊಲದಲ್ಲಿ ಮುಯ್ಯಾಳು ಪದ್ಧತಿ ಇತ್ತು: ಈ ಸೋಮವಾರ ನಾನು ನಿನ್ನ ಹೊಲದ ಕಳೆಗೆ ಬರ್ತೀನಿ, ಬರೋ ಸೋಮವಾರ ನೀನು ನನ್ನ ಹೊಲಕ್ಕೆ ಬಾ. ಶಕ್ತಿಯನ್ನು ಮನೆಯಿಂದ ಮನೆಗೆ ಹಂಚಿಕೊಳ್ಳುವುದು ನಮಗೆ ಹೊಸದಲ್ಲ.

ಆದರೆ ಒಂದು ವ್ಯತ್ಯಾಸ ಇದೆ. ಕೆಂಡ ಕೊಟ್ಟರೆ ಕೊಟ್ಟವಳ ಒಲೆ ಆರುವುದಿಲ್ಲ. ಕರೆಂಟು ಹಾಗಲ್ಲ. ಕೊಟ್ಟಷ್ಟೂ ಕೊಟ್ಟವರ ಮೀಟರು ಓಡುತ್ತೆ. ಈ ವ್ಯತ್ಯಾಸ ತಿಳಿಯದೆ ನಾನೇ ಒಂದು ಸಲ ದೊಡ್ಡ ತಪ್ಪು ಮಾಡಿದ್ದೇನೆ. ಮೊದಲು ಅದನ್ನೇ ಹೇಳಿಬಿಡ್ತೀನಿ.

ಗೋಡೆ ದಾಟಿದ ವೈರು

ಹದಿನೈದು ವರ್ಷಕ್ಕೂ ಹಿಂದಿನ ಮಾತು. ಬೇರೆ ತಾಲ್ಲೂಕಿನ ಒಂದು ಹಳ್ಳಿ. ಅಲ್ಲಿ ನಾವು ಕಟ್ಟಿದ ಸಂಘದಲ್ಲಿ ಇಬ್ಬರು ಸದಸ್ಯರು ಅಕ್ಕಪಕ್ಕದ ಮನೆಯವರು. ಎರಡು ಮನೆಗೆ ನಡುವೆ ಒಂದೇ ಗೋಡೆ. ಹೆಸರು ಬೇಡ, ದೊಡ್ಡವಳನ್ನು ಅಕ್ಕ ಅಂತ, ಚಿಕ್ಕವಳನ್ನು ತಂಗಿ ಅಂತ ಕರೆಯೋಣ. ತಂಗಿಯ ಗಂಡ ದುಡಿಯೋಕೆ ದೂರದ ಊರಿಗೆ ಹೋದವನು ದುಡ್ಡು ಕಳಿಸಲಿಲ್ಲ. ಕರೆಂಟ್ ಬಿಲ್ಲು ಬಾಕಿ ಬಿತ್ತು. ಫ್ಯೂಸ್ ಕಿತ್ತುಕೊಂಡು ಹೋದರು. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಮಗಳು. ಅಕ್ಕನಿಗೆ ಕರುಳು ಚುರುಕ್ ಅಂತು. ಗೋಡೆಯ ಮೇಲಿಂದ ಒಂದು ವೈರು ದಾಟಿಸಿ ತಂಗಿಯ ಮನೆಗೆ ಬಲ್ಬು ಹಾಕಿಸಿದಳು.

ನಾನು ತಿಂಗಳ ಸಭೆಗೆ ಹೋದಾಗ ಆ ವೈರನ್ನು ಎಲ್ಲರೂ ಹೆಮ್ಮೆಯಿಂದ ತೋರಿಸಿದರು. ನನಗೂ ಬಹಳ ಸಂತೋಷ ಆಯಿತು. ಸಭೆಯಲ್ಲಿ ಅಕ್ಕನನ್ನು ನಿಲ್ಲಿಸಿ ಹೊಗಳಿದೆ, ಚಪ್ಪಾಳೆ ಹೊಡೆಸಿದೆ. “ಲೆಕ್ಕ ಹೇಗೆ ಮಾಡ್ಕೊಂಡಿದ್ದೀರಮ್ಮಾ?” ಅಂತ ಒಂದು ಮಾತು ಕೇಳಲಿಲ್ಲ. ವೈರು ಎಂಥದ್ದು, ಜೋಡಿಸಿದ ಕಡೆ ಟೇಪು ಸುತ್ತಿದ್ದಾರಾ ಅಂತಲೂ ನೋಡಲಿಲ್ಲ.

ಮೊದಲು ಒಂದು ಬಲ್ಬು. ಬೇಸಿಗೆ ಬಂತು, ಒಂದು ಫ್ಯಾನು ಸೇರಿತು. ಆಮೇಲೆ ಮೊಬೈಲು, ಯಾರೋ ಕೊಟ್ಟ ಹಳೇ ಟಿವಿ. ಅಕ್ಕನ ಮನೆಯ ಬಿಲ್ಲು ಹೆಚ್ಚುಕಮ್ಮಿ ಇಮ್ಮಡಿ ಆಯಿತು. ಅಕ್ಕನ ಗಂಡ ಕೂಗಾಡಿದ. ಅಕ್ಕ ತಂಗಿಯನ್ನು ದುಡ್ಡು ಕೇಳಿದಳು. “ಎರಡು ಪಾಯಿಂಟಿಗೆ ಇಷ್ಟು ಬರುತ್ತಾ? ನಿಮ್ಮ ಮನೇಲಿ ಹೊಸದಾಗಿ ಮಿಕ್ಸರ್ ತಂದಿಲ್ವಾ?” ಅಂತ ತಂಗಿ ಅಂದಳು. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಇಬ್ಬರಿಗೂ ತಾವು ಹೇಳುವುದೇ ನಿಜ ಅಂತ ಕಂಡಿತ್ತು. ಯಾಕೆ ಅಂದ್ರೆ ಅಳತೆಯೇ ಇರಲಿಲ್ಲ.

ಇಷ್ಟರಲ್ಲಿ ಒಂದು ಅಕಾಲದ ಮಳೆ. ಗೋಡೆ ನೆನೆದಿತ್ತು. ವೈರು ಜೋಡಿಸಿದ ಕಡೆ ಆ ಹುಡುಗಿಯ ಕೈ ತಗುಲಿ ಶಾಕ್ ಹೊಡೆದು ಬಿದ್ದಳು. ಜೀವ ಉಳಿಯಿತು, ಅಷ್ಟೇ. ಅವತ್ತು ರಾತ್ರಿಯೇ ಸಿಟ್ಟಿನಲ್ಲಿ ವೈರು ಕಿತ್ತು ಹಾಕಿದರು. ಪರೀಕ್ಷೆಗೆ ಮೂರು ವಾರ ಇತ್ತು. ಅಕ್ಕನ ಪರ ಕೆಲವರು, ತಂಗಿಯ ಪರ ಕೆಲವರು ನಿಂತರು. ಮುಂದಿನ ವರ್ಷದ ಹೊತ್ತಿಗೆ ಉಳಿತಾಯ ಹಂಚಿಕೊಂಡು ಸಂಘವನ್ನೇ ಮುಚ್ಚಿದರು. ಕಾಯಿಲೆಗೆ, ಬೀಜಗೊಬ್ಬರಕ್ಕೆ, ಮದುವೆಗೆ ಸಾಲ ಕೊಡುತ್ತಿದ್ದ ಸಂಘ ಒಂದು ವೈರಿನ ಜಗಳಕ್ಕೆ ಹೋಯಿತು. ಚಪ್ಪಾಳೆ ಹೊಡೆಸಿದವಳು ನಾನು. ಆದ್ದರಿಂದ ಈ ವಿಷಯ ನನಗೆ ಪುಸ್ತಕದ ವಿಷಯ ಅಲ್ಲ.

ಜಪಾನಿನಲ್ಲಿ ಮಾಡಿದ ಪ್ರಯೋಗ

ಈಗ ದೂರದ ಒಂದು ಊರಿನ ಮಾತು ಹೇಳ್ತೀನಿ. ಜಪಾನಿನಲ್ಲಿ ಲಕ್ಷಗಟ್ಟಲೆ ಮನೆಗಳಲ್ಲಿ ಫ್ಯುಯೆಲ್ ಸೆಲ್ ಅನ್ನೋ ಯಂತ್ರ ಇದೆ. ಕನ್ನಡದಲ್ಲಿ ಇಂಧನ ಕೋಶ ಅಂತಾರೆ. ಇದರಲ್ಲಿ ಕರೆಂಟು ಹುಟ್ಟುವ ಜಾಗದಲ್ಲಿ ಬೆಂಕಿ ಉರಿಯುವುದಿಲ್ಲ, ಚಕ್ರ ತಿರುಗುವುದಿಲ್ಲ. ಒಂದು ಕಡೆಯಿಂದ ಜಲಜನಕ, ಇನ್ನೊಂದು ಕಡೆಯಿಂದ ಗಾಳಿಯಲ್ಲಿರುವ ಆಮ್ಲಜನಕ ಬಿಡ್ತಾರೆ. ಇವೆರಡೂ ಸೇರಿ ನೀರಾಗುತ್ತವೆ. ಹಾಗೆ ಆಗುವಾಗ ಕರೆಂಟೂ ಬರುತ್ತೆ, ಬಿಸಿಯೂ ಬರುತ್ತೆ. ಅಲ್ಲಿನ ಮನೆಗಳಿಗೆ ಪೈಪಿನಲ್ಲಿ ಗ್ಯಾಸ್ ಬರುತ್ತೆ. ಆ ಗ್ಯಾಸಿನಿಂದ ಯಂತ್ರವೇ ಜಲಜನಕ ಬೇರ್ಪಡಿಸಿಕೊಂಡು ಕರೆಂಟು ಮಾಡುತ್ತೆ. ಬಿಸಿಯಿಂದ ಸ್ನಾನದ ನೀರು ಕಾಯುತ್ತೆ. 2009ರಿಂದ ಇಂಥ ಯಂತ್ರಗಳು ಅಲ್ಲಿ ಮನೆಬಳಕೆಗೆ ಮಾರಾಟಕ್ಕೆ ಬಂದವು. ಒಂದೊಂದು ಯಂತ್ರ ಸುಮಾರು 700 ವ್ಯಾಟ್ ಕೊಡುತ್ತೆ.

ಆದರೆ ಒಂದು ತೊಡಕು ಬಂತು. ಈ ಯಂತ್ರಕ್ಕೆ ಒಂದೇ ಸಮನೆ ಓಡುವುದು ಇಷ್ಟ. ಆಗಾಗ ನಿಲ್ಲಿಸಿ ಶುರು ಮಾಡಿದರೆ ಒಗ್ಗುವುದಿಲ್ಲ. ಮನೆಯಲ್ಲೋ ಬಳಕೆ ಒಂದೇ ಸಮ ಇರುವುದಿಲ್ಲ. ಬೆಳಿಗ್ಗೆ ಜೋರು, ಮಧ್ಯಾಹ್ನ ಇಲ್ಲವೇ ಇಲ್ಲ, ರಾತ್ರಿ ಮತ್ತೆ ಜೋರು. ಆದರೆ ಎಲ್ಲ ಮನೆಯ ಜೋರೂ ಒಂದೇ ಹೊತ್ತಿಗೆ ಬರುವುದಿಲ್ಲ. ಒಬ್ಬರ ಮನೆಯಲ್ಲಿ ಮುದುಕರು ಹಗಲಿಡೀ ಇರ್ತಾರೆ, ಇನ್ನೊಬ್ಬರ ಮನೆಗೆ ಹಗಲು ಬೀಗ. ಹಾಗಾದರೆ ನನ್ನ ಮನೆಯಲ್ಲಿ ಮಿಕ್ಕದ್ದು ನಿನಗೆ, ನಿನ್ನಲ್ಲಿ ಮಿಕ್ಕದ್ದು ನನಗೆ ಯಾಕೆ ಆಗಬಾರದು? ಒಸಾಕಾ ನಗರದಲ್ಲಿ ಅಲ್ಲಿನ ಗ್ಯಾಸ್ ಕಂಪನಿ 1993ರಲ್ಲಿ ‘ನೆಕ್ಸ್ಟ್ 21’ ಅನ್ನೋ 18 ಮನೆಗಳ ಪ್ರಯೋಗದ ಕಟ್ಟಡ ಕಟ್ಟಿತು. ನಿಜವಾದ ಕುಟುಂಬಗಳೇ ಅಲ್ಲಿ ವಾಸ ಮಾಡಿದವು. ಇಂಧನ ಕೋಶದ ಕರೆಂಟನ್ನು ಮನೆಯಿಂದ ಮನೆಗೆ ಹಂಚಿಕೊಳ್ಳುವ ಪ್ರಯೋಗವೂ ಆ ಕಟ್ಟಡದಲ್ಲಿ ನಡೆಯಿತು.

ಕೇಳಿದ್ರಾ? ಇದು ನಮ್ಮ ಮುಯ್ಯಾಳು ಪದ್ಧತಿಯೇ. ಒಂದೇ ದಿನ ಎಲ್ಲರ ಹೊಲಕ್ಕೂ ಕಳೆ ಬರುವುದಿಲ್ಲ ಅನ್ನೋ ಲೆಕ್ಕದ ಮೇಲೆ ಮುಯ್ಯಿ ನಡೆಯುತ್ತೆ. ಎಲ್ಲ ಮನೆಗೂ ಒಂದೇ ಗಳಿಗೆಯಲ್ಲಿ ಕರೆಂಟು ಬೇಕಾಗುವುದಿಲ್ಲ ಅನ್ನೋ ಲೆಕ್ಕದ ಮೇಲೆ ಇದು ನಡೆಯುತ್ತೆ. ಅಮೆರಿಕದ ಬ್ರೂಕ್ಲಿನ್‌ನಲ್ಲಿ 2016ರಲ್ಲಿ ಒಬ್ಬರ ಮನೆಯ ಮೇಲಿನ ಸೌರ ಕರೆಂಟನ್ನು ಅದೇ ಬೀದಿಯ ಇನ್ನೊಬ್ಬರು ಕೊಂಡುಕೊಂಡರು. ನಮ್ಮ ದೇಶದಲ್ಲೂ ಉತ್ತರ ಪ್ರದೇಶದ ಲಖನೌ ನಗರದಲ್ಲಿ ಇಂಥ ಪ್ರಯೋಗ ನಡೆದಿದೆ. ಈ ಎಲ್ಲ ಕಡೆಯಲ್ಲೂ ಪ್ರತಿ ಮನೆಗೆ ಮೀಟರು ಇತ್ತು, ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನುವ ಲೆಕ್ಕ ಇತ್ತು. ನಮ್ಮ ಅಕ್ಕತಂಗಿಯರ ವೈರಿನಲ್ಲಿ ಇಲ್ಲದೇ ಹೋದದ್ದು ಅದೇ.

ಇಂಧನ ಕೋಶ ನಾಳೆಯೇ ಬಾಗಳಿಗೆ ಬರುತ್ತೆ ಅಂತ ನಾನು ಹೇಳ್ತಿಲ್ಲ. ಅದು ತುಟ್ಟಿ. ಪೈಪಿನ ಗ್ಯಾಸ್ ಇರುವ ಊರಿಗೆ ಹೊಂದುವ ಯಂತ್ರ. ಆದರೆ ಆ ಗ್ಯಾಸಿನಲ್ಲಿ ಮುಖ್ಯವಾಗಿ ಇರುವುದು ಮೀಥೇನ್. ನಮ್ಮ ಗೋಬರ್ ಗ್ಯಾಸಿನಲ್ಲೂ ಉರಿಯುವುದು ಅದೇ ಮೀಥೇನ್. ಸಗಣಿಯಿಂದ ಕರೆಂಟು ಮಾಡಿ ಇಡೀ ಊರು ಹಂಚಿಕೊಂಡ ಕಥೆ ನಮ್ಮ ಕರ್ನಾಟಕದಲ್ಲೇ ನಡೆದಿದೆ. ಅದೂ ಜಪಾನಿನವರು ಆ ಕಟ್ಟಡ ಕಟ್ಟುವುದಕ್ಕೂ ಮುಂಚೆ.

ಪುರ ಅನ್ನೋ ಹಳ್ಳಿ ಕಲಿಸಿದ ಪಾಠ

ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ ಪುರ ಅನ್ನೋ ಒಂದು ಸಣ್ಣ ಹಳ್ಳಿ. ಆಗ ಸುಮಾರು 80 ಮನೆ ಇದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಅಂತೀವಲ್ಲ ಅಲ್ಲಿ, ಪ್ರೊಫೆಸರ್ ಅಮೂಲ್ಯ ರೆಡ್ಡಿ ಅಂತ ಇದ್ದರು. ಹಳ್ಳಿಗೆ ಉಪಯೋಗ ಆಗುವ ವಿಜ್ಞಾನ ಬೇಕು ಅಂತ 1974ರಲ್ಲಿ ಅವರು ಅಲ್ಲಿ ‘ಅಸ್ತ್ರ’ ಅನ್ನುವ ಕೇಂದ್ರ ಶುರು ಮಾಡಿದರು. 2006ರಲ್ಲಿ ಅವರು ತೀರಿಕೊಂಡರು.

‘ಅಸ್ತ್ರ’ದವರು ಪುರದಲ್ಲಿ ಮೊದಲು ಒಂದು ಯೋಜನೆ ಹಾಕಿದರು. ಊರಿನ ಸಗಣಿ ಎಲ್ಲ ಒಂದು ಕಡೆ ಸೇರಿಸಿ ಗೋಬರ್ ಗ್ಯಾಸ್ ಮಾಡುವುದು, ಆ ಗ್ಯಾಸನ್ನು ಮನೆಮನೆಯ ಅಡುಗೆಗೆ ಕೊಡುವುದು. ಕೇಳೋಕೆ ಚೆನ್ನಾಗಿದೆ. ಆದರೆ ಅದು ನಡೆಯಲಿಲ್ಲ. ಎಲ್ಲರ ಅಡುಗೆಗೆ ಸಾಕಾಗುವಷ್ಟು ಗ್ಯಾಸ್ ಬರಲಿಲ್ಲ. ಜೊತೆಗೆ, ಸೌದೆ ದುಡ್ಡಿಲ್ಲದೆ ಸಿಗುತ್ತಿದ್ದುದರಿಂದ ಅಡುಗೆ ಗ್ಯಾಸು ಆ ಊರಿನವರಿಗೆ ಅಷ್ಟು ಅವಸರದ್ದಾಗಿರಲಿಲ್ಲ. ಅವರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು.

ದೊಡ್ಡ ವಿಜ್ಞಾನಿಗಳು ತಮ್ಮ ತಪ್ಪು ಒಪ್ಪಿಕೊಂಡು ಯೋಜನೆಯನ್ನೇ ಬದಲಿಸಿದರು. 1987ರಲ್ಲಿ ಹೊಸದಾಗಿ ಶುರು ಮಾಡಿದರು. ಈ ಸಲ ಗ್ಯಾಸನ್ನು ಮನೆಗೆ ಕೊಡಲಿಲ್ಲ. ಸ್ವಲ್ಪ ಡೀಸೆಲ್ ಜೊತೆ ಗ್ಯಾಸನ್ನು ಎಂಜಿನ್ನಿಗೆ ಕೊಟ್ಟು ಸುಮಾರು 5 ಕಿಲೋವ್ಯಾಟ್ ಕರೆಂಟು ಮಾಡಿದರು. ಆ ಕರೆಂಟಿನಿಂದ ಬೋರ್‌ವೆಲ್ ನೀರು ಎತ್ತಿ ಟ್ಯಾಂಕಿಗೆ ತುಂಬಿಸಿ ಬೀದಿ ನಲ್ಲಿಗೆ ಬಿಟ್ಟರು. ಸಂಜೆ ಮನೆಗಳಿಗೆ ಟ್ಯೂಬ್‌ಲೈಟು. ಬೋರ್‌ವೆಲ್ಲಿನ ಶುದ್ಧ ನೀರು ಬೀದಿಗೇ ಬಂತು.

ಈಗ ಲೆಕ್ಕದ ವಿಷಯಕ್ಕೆ ಬರ್ತೀನಿ, ಇಲ್ಲಿ ಗಮನ ಕೊಡಿ. ಬೆಳಿಗ್ಗೆ ಸಗಣಿ ತಂದವರ ಬುಟ್ಟಿಯನ್ನು ತೂಗುತ್ತಿದ್ದರು. ಒಂದು ಕಿಲೋಗೆ 2 ಪೈಸೆ. ಬರೆದುಕೊಳ್ಳುತ್ತಿದ್ದರು. ಗ್ಯಾಸ್ ತೆಗೆದ ಮೇಲೆ ಉಳಿಯುವ ಗೊಬ್ಬರವನ್ನು ಅವರವರು ಕೊಟ್ಟ ಸಗಣಿಯ ಪಾಲಿನಂತೆ ವಾಪಸು ಕೊಡುತ್ತಿದ್ದರು. ಸಗಣಿ ತರುತ್ತಿದ್ದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಆದ್ದರಿಂದ ಆ ಚಿಲ್ಲರೆ ದುಡ್ಡು ಅವರ ಕೈಗೇ ಬರುತ್ತಿತ್ತು. ದೀಪ ಹಾಕಿಸಿಕೊಂಡ ಮನೆಯವರು ದೀಪಕ್ಕೆ ದುಡ್ಡು ಕಟ್ಟುತ್ತಿದ್ದರು. ಯಂತ್ರ ನೋಡಿಕೊಳ್ಳುವವರು ಅದೇ ಊರಿನ ಹುಡುಗರು. ಎಲ್ಲದರ ಮೇಲ್ವಿಚಾರಣೆ ಊರಿನವರೇ ಇದ್ದ ಗ್ರಾಮ ವಿಕಾಸ ಸಭೆಯದ್ದು.

ಹಂಚಿಕೊಂಡ ವಸ್ತು ಯಾವಾಗಲೂ ಹಾಳಾಗುತ್ತೆ, ಎಲ್ಲರದ್ದು ಅಂದ್ರೆ ಯಾರದ್ದೂ ಅಲ್ಲ ಅಂತ ಓದಿದವರು ಹೇಳ್ತಾರೆ. ಗೋಮಾಳದಲ್ಲಿ ಎಲ್ಲರೂ ದನ ಬಿಟ್ಟು ಹುಲ್ಲು ಮುಗಿಸ್ತಾರೆ, ಕಾಯುವವರು ಯಾರೂ ಇಲ್ಲ ಅನ್ನೋದು ಅವರ ಉದಾಹರಣೆ. ರೆಡ್ಡಿಯವರು ಪುರವನ್ನು ನೋಡಿ, ಇಲ್ಲಿ ಅದು ತಿರುವುಮುರುವು ಆಗಿದೆ ಅಂದರು. ಹಂಚಿಕೊಂಡದ್ದೇ ಊರಿಗೆ ವರವಾಗಿದೆ ಅಂತ ಅವರ ಅಭಿಪ್ರಾಯ. ಯಾಕೆ? ನಾನು ಸಗಣಿ ಕೊಡದೆ ಹೋದರೆ ಸಂಜೆ ನನ್ನ ಮನೆಯ ದೀಪವೂ ಹೋಗುತ್ತೆ, ನನ್ನ ನಲ್ಲಿಯೂ ನಿಲ್ಲುತ್ತೆ. ಪಕ್ಕದ ಮನೆಯವಳು ಬಂದು ಕೇಳ್ತಾಳೆ. ನನ್ನ ಹಿತ, ಊರಿನ ಹಿತ ಎರಡೂ ಒಂದೇ ದಾರಿಗೆ ಬಂದವು.

ಪಕ್ಕದಲ್ಲೇ ಇನ್ನೊಂದು ಉದಾಹರಣೆ. ಅದೇ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಸೌದೆಯಿಂದ ಅನಿಲ ತೆಗೆದು ಕರೆಂಟು ಮಾಡುವ ಯಂತ್ರ ಇಟ್ಟರು. ಆ ಸೌದೆಗಾಗಿಯೇ ಊರ ಜಾಗದಲ್ಲಿ ಮರ ಬೆಳೆಸಿದರು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ ಅದರಲ್ಲಿ ನಡೆದವು. ವರ್ಷಗಟ್ಟಲೆ ನಡೆದವು.

ಪುರದ ಆ ವ್ಯವಸ್ಥೆ ಈಗ ಇಲ್ಲ, ಅದನ್ನೂ ಹೇಳಿಬಿಡಬೇಕು. ಆದರೆ ಅದು ನಡೆದಷ್ಟು ಕಾಲ ಯಾಕೆ ನಡೆಯಿತು ಅನ್ನೋದು ನಮಗೆ ಪಾಠ. ಜನರಿಗೆ ಬೇಕಾದದ್ದನ್ನು ಕೇಳಿ ಮಾಡಿದರು. ಅಳತೆ ಇಟ್ಟರು. ಕೊಟ್ಟವರಿಗೆ ಏನು ಸಿಗುತ್ತೆ ಅನ್ನೋದನ್ನು ಮೊದಲೇ ಗೊತ್ತು ಮಾಡಿದರು.

ನಿಮ್ಮ ಊರಿಗೆ ಇದು ಹೊಸತಲ್ಲ. ಇಲ್ಲಿನ ಕಲ್ಲೇಶ್ವರ ದೇವಸ್ಥಾನ ಸಾವಿರ ವರ್ಷಕ್ಕೂ ಹಿಂದಿನದು, ಅಲ್ಲಿ ಎಷ್ಟೊಂದು ಶಾಸನಗಳಿವೆ. ಕರ್ನಾಟಕದ ಹಳೆಯ ಶಾಸನಗಳಲ್ಲಿ ಯಾರು ಎಷ್ಟು ಭೂಮಿ ಬಿಟ್ಟರು, ನಂದಾದೀಪಕ್ಕೆ ಎಷ್ಟು ಎಣ್ಣೆ ಕೊಡಬೇಕು, ಅದನ್ನು ಯಾರು ನೋಡಿಕೊಳ್ಳಬೇಕು ಅನ್ನೋದನ್ನು ಕಲ್ಲಿನ ಮೇಲೆ ಕೊರೆದು ಎಲ್ಲರ ಕಣ್ಣಿಗೆ ಬೀಳೋ ಜಾಗದಲ್ಲಿ ನಿಲ್ಲಿಸಿದ್ದಾರೆ. ಒಂದು ದೀಪ ನಿಲ್ಲದೆ ಉರಿಯಬೇಕು ಅಂದ್ರೆ ಎಣ್ಣೆಯ ಲೆಕ್ಕ ಎಲ್ಲರಿಗೂ ಕಾಣಬೇಕು ಅಂತ ಹಿರಿಯರಿಗೆ ತಿಳಿದಿತ್ತು.

ಕಾನೂನು ಏನು ಹೇಳುತ್ತೆ?

ಈಗ ಕೆಲವು ಮುಖ್ಯ ವಿಷಯ. ಇವು ತಿಳಿಯದೆ ಯಾರೂ ವೈರು ಎಳೆಯಬಾರದು.

ಮೊದಲನೆಯದು, ನಿಮ್ಮ ಮನೆಗೆ ಮಂಜೂರಾದ ಕರೆಂಟನ್ನು ಪಕ್ಕದ ಮನೆಗೆ ಕೊಡುವುದು 2003ರ ವಿದ್ಯುತ್ ಕಾಯ್ದೆ ಪ್ರಕಾರ ಅನಧಿಕೃತ ಬಳಕೆ. ಅದಕ್ಕೆ ದಂಡ ಬೀಳುತ್ತೆ. ಪ್ರೀತಿಯಿಂದ ಕೊಟ್ಟರೂ ಅಷ್ಟೇ, ದುಡ್ಡಿಗೆ ಕೊಟ್ಟರೂ ಅಷ್ಟೇ. ಜೀವಕ್ಕೆ ಅಪಾಯ ಇರೋದಂತೂ ಹೇಳಿದೆ.

ಎರಡನೆಯದು, 2023ರಿಂದ ಗೃಹಜ್ಯೋತಿ ಯೋಜನೆಯಲ್ಲಿ ನಮ್ಮಲ್ಲಿ ಅನೇಕರಿಗೆ ಸೊನ್ನೆ ಬಿಲ್ಲು ಬರುತ್ತಿದೆ. “ಹೇಗೂ ಪುಕ್ಕಟೆ, ಪಕ್ಕದವರಿಗೆ ಕೊಟ್ಟರೇನು?” ಅಂತ ಒಬ್ಬರು ನನ್ನನ್ನು ಕೇಳಿದರು. ಪುಕ್ಕಟೆಗೂ ಮಿತಿ ಇದೆ. ನಿಮ್ಮ ಮನೆಯ ಹಿಂದಿನ ಬಳಕೆ ನೋಡಿ ಇಷ್ಟು ಯೂನಿಟ್ ಅಂತ ಗೊತ್ತು ಮಾಡಿದ್ದಾರೆ. ಅದನ್ನು ದಾಟಿದರೆ ಹೆಚ್ಚಿನದಕ್ಕೆ ದುಡ್ಡು ಕಟ್ಟಬೇಕು. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಿಮ್ಮ ತಲೆಗೆ. ಆಗ ಮತ್ತೆ ಅದೇ ಜಗಳ.

ಮೂರನೆಯದು, ಮನೆಯ ಮೇಲೆ ಸೌರಫಲಕ ಹಾಕಿಸಿ, ಮಿಕ್ಕ ಕರೆಂಟನ್ನು ಲೈನಿಗೆ ಬಿಡಲು ಕಾನೂನಿನ ದಾರಿ ಇದೆ. ಹೋಗಿದ್ದನ್ನೂ ಬಂದಿದ್ದನ್ನೂ ಅಳೆಯುವ ಮೀಟರು ಕೂಡಿಸ್ತಾರೆ. ನೀವು ಬಿಟ್ಟ ಕರೆಂಟು ಹತ್ತಿರದ ಮನೆಗಳಲ್ಲೇ ಉರಿಯುತ್ತೆ, ಲೆಕ್ಕ ಕಂಪನಿಯದ್ದು. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000 ರೂಪಾಯಿ, 2 ಕಿಲೋವ್ಯಾಟಿಗೆ 60,000, 3 ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನ ಅಂತ ಗೊತ್ತು ಮಾಡಿದರು. ಆದರೆ ಸೊನ್ನೆ ಬಿಲ್ಲು ಬರುವ ಮನೆಗೆ ಇದರಿಂದ ಉಳಿತಾಯ ಕಡಿಮೆ. ಸಾಲ ಮಾಡುವ ಮುಂಚೆ ಕೂತು ಲೆಕ್ಕ ಹಾಕಿ.

ನಾಲ್ಕನೆಯದು ಬಹಳ ಜನರಿಗೆ ಗೊತ್ತಿಲ್ಲ. ಹೀಗೆ ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ ಸೌರಫಲಕ, ಲೈನಿನಲ್ಲಿ ಕರೆಂಟು ಹೋದಾಗ ತಾನೂ ನಿಂತುಬಿಡುತ್ತೆ. ನೆತ್ತಿಯ ಮೇಲೆ ಬಿಸಿಲು ಸುಡುತ್ತಿದ್ದರೂ ಮನೆಯಲ್ಲಿ ಫ್ಯಾನ್ ತಿರುಗುವುದಿಲ್ಲ. ಇದು ಕೆಟ್ಟಿದ್ದಲ್ಲ, ಬೇಕಂತಲೇ ಮಾಡಿದ್ದು. ಇಲ್ಲದಿದ್ದರೆ ಕಂಬ ಹತ್ತಿ ಕೆಲಸ ಮಾಡುತ್ತಿರುವ ಲೈನ್‌ಮನ್ನಿಗೆ ನಿಮ್ಮ ಮನೆಯ ಕರೆಂಟು ಹೊಡೆದು ಅವನ ಜೀವ ಹೋದೀತು. ಕರೆಂಟ್ ಹೋದಾಗಲೂ ದೀಪ ಬೇಕು ಅಂದ್ರೆ ಬ್ಯಾಟರಿ ಇರುವ ಬೇರೆ ವ್ಯವಸ್ಥೆ ಬೇಕು.

ನಮ್ಮಿಂದ ಏನಾಗುತ್ತೆ?

ಹಾಗಾದರೆ ಹಂಚಿಕೊಳ್ಳೋದೇ ಬೇಡವೇ ಸಿಸ್ಟರ್ ಅಂತ ಕೇಳಬಹುದು. ಬೇಕು. ಆದರೆ ದಾರಿ ಬೇರೆ ಮಾಡೋಣ. ಕರೆಂಟನ್ನು ಮನೆಮನೆಗೆ ಎಳೆಯುವ ಬದಲು, ಕೆಲಸವನ್ನು ಕರೆಂಟು ಇರುವ ಕಡೆಗೆ ತರೋಣ. ಪುರದವರು ಗ್ಯಾಸನ್ನು ಮನೆಮನೆಗೆ ಕೊಡೋದು ಬಿಟ್ಟು ಒಂದು ಎಂಜಿನ್ನಿಗೆ ಕೊಟ್ಟ ಹಾಗೆ.

ಒಂದು ಸಣ್ಣ ಲೆಕ್ಕ ಹೇಳ್ತೀನಿ, ಬರೆದುಕೊಳ್ಳಿ. ಸಂಘದ ಕೊಠಡಿಯ ಮೇಲೆ 2 ಕಿಲೋವ್ಯಾಟಿನ ಸೌರಫಲಕ ಇದೆ ಅಂತ ಇಟ್ಟುಕೊಳ್ಳೋಣ. ನಮ್ಮ ಕಡೆಯ ಬಿಸಿಲಿಗೆ 1 ಕಿಲೋವ್ಯಾಟಿನಿಂದ ದಿನಕ್ಕೆ ಸರಾಸರಿ 4 ಯೂನಿಟ್ ಅಂದ್ರೆ, ಎರಡರಿಂದ 8 ಯೂನಿಟ್. ಮೋಟಾರು ಕೂಡಿಸಿದ ಹೊಲಿಗೆ ಯಂತ್ರ ಸುಮಾರು 100 ವ್ಯಾಟ್. ಇಂಥ 10 ಯಂತ್ರ ದಿನಕ್ಕೆ 5 ಗಂಟೆ ಓಡಿದರೆ 5 ಯೂನಿಟ್. ಉಳಿದ 3 ಯೂನಿಟ್‌ನಲ್ಲಿ 2 ಎಚ್‌ಪಿಯ ಸಣ್ಣ ಹಿಟ್ಟಿನ ಗಿರಣಿ ಸುಮಾರು 2 ಗಂಟೆ ಓಡುತ್ತೆ. ಎರಡನ್ನೂ ಒಂದೇ ಹೊತ್ತಿಗೆ ಓಡಿಸಬಾರದು, ಸರದಿ ಹಾಕಬೇಕು. ಮೋಟಾರು ಶುರುವಾಗುವಾಗ ಹೆಚ್ಚು ಕರೆಂಟು ಎಳೆಯುತ್ತೆ, ಅದನ್ನು ತಡೆಯುವ ಇನ್ವರ್ಟರ್ ಯಾವುದು ಅಂತ ತಿಳಿದವರನ್ನು ಕೇಳಬೇಕು. ಮೋಡದ ದಿನಗಳಲ್ಲಿ ಇಷ್ಟು ಬರುವುದಿಲ್ಲ. ಮಳೆಗಾಲಕ್ಕೆ ಬೇರೆ ಸರದಿ ಬೇಕು.

ಇದಕ್ಕೆ ನಿಯಮಗಳನ್ನು ಯಂತ್ರ ಬರುವ ಮೊದಲೇ ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ನನಗೆ ತೋಚಿದ ಐದು ಹೇಳ್ತೀನಿ, ನೀವು ತಿದ್ದಿ.

ಒಂದು, ಪ್ರತಿ ಯಂತ್ರಕ್ಕೂ ಒಂದು ಸಣ್ಣ ಮೀಟರು. ಊಹೆಯ ಲೆಕ್ಕ ಬೇಡ.

ಎರಡು, ಎಷ್ಟೇ ಬಡವರಿದ್ದರೂ ಬಳಸಿದ್ದಕ್ಕೆ ಏನಾದರೂ ಕೊಡಬೇಕು. ದುಡ್ಡಿಲ್ಲದಿದ್ದರೆ ಫಲಕ ಒರೆಸುವುದು, ಕೊಠಡಿ ಗುಡಿಸುವುದು, ಲೆಕ್ಕ ಬರೆಯುವುದು. ಪುರದಲ್ಲಿ ಕೊಟ್ಟದ್ದು ಸಗಣಿ, ಆದರೆ ಕೊಟ್ಟರು. ಕೊಟ್ಟವಳಿಗೆ ಸಭೆಯಲ್ಲಿ ತಲೆ ಎತ್ತಿ ಮಾತಾಡುವ ಧೈರ್ಯ ಇರುತ್ತೆ.

ಮೂರು, ಬಂದ ದುಡ್ಡಿನಲ್ಲಿ ಒಂದು ಪಾಲು ಬ್ಯಾಟರಿ ಮತ್ತು ರಿಪೇರಿಗೆ ಬೇರೆಯಾಗಿ ಬ್ಯಾಂಕಿನಲ್ಲಿ ಇಡಬೇಕು. ಸೌರಫಲಕ 20–25 ವರ್ಷ ಬರುತ್ತೆ, ಬ್ಯಾಟರಿ ಅಷ್ಟು ದಿನ ಬರುವುದಿಲ್ಲ. ಬ್ಯಾಟರಿ ಸತ್ತ ದಿನ ಚಂದಾ ಎತ್ತೋಕೆ ಹೋದರೆ ಯಾರೂ ಕೊಡುವುದಿಲ್ಲ.

ನಾಲ್ಕು, ತಿಂಗಳ ಲೆಕ್ಕವನ್ನು ಕೊಠಡಿಯ ಗೋಡೆಯ ಮೇಲೆ, ಓದಲು ಬಾರದವರಿಗೂ ತಿಳಿಯುವ ಹಾಗೆ ಗೆರೆ ಹಾಕಿ ತೋರಿಸಬೇಕು. ಪುಸ್ತಕ ಬರೆಯುವವರ ಟ್ರಂಕಿನಲ್ಲಿ ಮುಚ್ಚಿಟ್ಟ ಲೆಕ್ಕ ಲೆಕ್ಕವಲ್ಲ.

ಐದು, ಯಂತ್ರದ ಕೀಲಿಕೈ ಒಬ್ಬರ ಮನೆಯಲ್ಲಿ ಇರಬಾರದು. ಆರು ತಿಂಗಳಿಗೊಮ್ಮೆ ಬದಲಾಗಬೇಕು. ಇಲ್ಲದಿದ್ದರೆ ಎಲ್ಲರ ಗಿರಣಿ ಒಬ್ಬರ ಗಿರಣಿ ಆಗುತ್ತೆ. ಹಿಂದುಳಿದ ಓಣಿಯವರು, ಗಂಡನಿಲ್ಲದ ಹೆಣ್ಣುಮಕ್ಕಳು ಕೊನೆಯ ಸರದಿಗೆ ಬೀಳ್ತಾರೆ. ಅವರ ಹೆಸರನ್ನು ಮೊದಲ ವಾರದಲ್ಲೇ ಹಾಕಿ.

ಇವತ್ತೇ ಸೌರಫಲಕಕ್ಕೆ ಅರ್ಜಿ ಹಾಕಿ ಅಂತ ನಾನು ಹೇಳುವುದಿಲ್ಲ. ಒಂದು ತಿಂಗಳು ಒಂದು ಕೆಲಸ ಮಾಡಿ. ಪ್ರತಿ ಸಂಘದಲ್ಲಿ ಐದು ಮನೆ ಆರಿಸಿಕೊಳ್ಳಿ. ಯಾವ ಹೊತ್ತಿನಲ್ಲಿ ಏನು ಹಾಕ್ತೀರಿ, ಯಾವಾಗ ಕರೆಂಟು ಹೋಯಿತು, ಆಗ ಯಾವ ಕೆಲಸ ನಿಂತಿತು ಅಂತ ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಬರೆಸಿ. ಮುಂದಿನ ಸಭೆಗೆ ಆ ಹಾಳೆ ತನ್ನಿ. ಪುರದವರಿಗೆ ಮೊದಲು ಬೇಕಾಗಿದ್ದು ನೀರು ಅಂತ ವಿಜ್ಞಾನಿಗಳಿಗೆ ತಡವಾಗಿ ತಿಳಿಯಿತು. ಬಾಗಳಿಯವರಿಗೆ ಮೊದಲು ಬೇಕಾದದ್ದು ಗಿರಣಿಯೋ, ಹೊಲಿಗೆಯೋ, ಮಕ್ಕಳು ಕೂತು ಓದಲು ಒಂದು ದೀಪದ ಕೊಠಡಿಯೋ, ಅದನ್ನು ನಾನು ಹೇಳಬಾರದು. ನಿಮ್ಮ ಹಾಳೆ ಹೇಳಬೇಕು.

ಕೊನೆಗೆ ಆ ಅಕ್ಕತಂಗಿಯರ ಮಾತು. ಆ ಹುಡುಗಿ ಪರೀಕ್ಷೆ ಬರೆದಳು. ಕೊನೆಯ ಮೂರು ವಾರ ಸಂಜೆ ಶಾಲೆಯ ಮೇಷ್ಟ್ರ ಮನೆಯ ಜಗುಲಿಯಲ್ಲಿ ಕೂತು ಓದಿದಳು, ಪಾಸಾದಳು. ಕೆಲವು ವರ್ಷದ ಮೇಲೆ ಸಂತೆಯಲ್ಲಿ ಅಕ್ಕ ಸಿಕ್ಕಳು. ತಂಗಿಯ ಮನೆಯವರ ಜೊತೆ ಈಗಲೂ ಮಾತಿಲ್ಲ ಅಂದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಸಿಸ್ಟರ್, ಅವತ್ತು ಸಂಘದಿಂದ ಅವಳ ಬಾಕಿ ಕಟ್ಟೋಕೆ ಒಂದು ಸಣ್ಣ ಸಾಲ ಕೊಟ್ಟಿದ್ರೆ ಆಗ್ತಿತ್ತಲ್ವಾ? ಅವಳ ಫ್ಯೂಸ್ ವಾಪಸ್ ಬರ್ತಿತ್ತು” ಅಂದಳು.

ನಿಜ. ಸಾಲದ ದುಡ್ಡು ಸಂಘದ ಪೆಟ್ಟಿಗೆಯಲ್ಲೇ ಇತ್ತು. ಅವಳದೇ ಮೀಟರು, ಅವಳದೇ ಲೆಕ್ಕ, ತಿಂಗಳಿಗೆ ಇಷ್ಟು ಅಂತ ತೀರಿಸುತ್ತಿದ್ದಳು. ನಮಗೆ ಯಾರಿಗೂ ಹೊಳೆಯಲಿಲ್ಲ, ವೈರು ನೋಡಿ ಚಪ್ಪಾಳೆ ಹೊಡೆದೆವು. ಬಿಲ್ಲು ಬಾಕಿ ಬಿದ್ದು ಕತ್ತಲಲ್ಲಿರುವ ಮನೆ ಈ ಊರಿನಲ್ಲಿ ಒಂದಾದರೂ ಇದ್ದರೆ, ಮುಂದಿನ ಸಭೆಯ ಮೊದಲ ಠರಾವು ಅದಕ್ಕೆ ಇರಲಿ. ಸೌರಫಲಕ ಎರಡನೆಯದು.

 ಹಾಳೆ ಮರೆಯಬೇಡಿ.